ಅನಂತದ ಗುರುತು

ತಾಂಬಟ ಆಳಿಯೊಳಗ ಮುಂಜಾನಿಂದ ತಾಮ್ರ ಬಡಿಯೋ ಸದ್ದು.
ಅದರ ನಡುವ ನನ್ನ ಅಂಗಡಿ: ನಾಲ್ಕು ಫೂಟು, ಒಂದು ದೀಪ,
ಸಾಸಿವಿಗಿಂತ ಸಣ್ಣ ಸ್ಕ್ರೂ ಇಡಲಿಕ್ಕ ಹಳೇ ಕುಂಕುಮದ ಡಬ್ಬಿ.

ಠೋಸರ ಬಾಯಿ ಬಂದಳು, ಮೂಗಿನ ತೊಗಲು ಇನ್ನೂ ಸುಲೀತಿತ್ತು.
ಇಪ್ಪತ್ತೆರಡು ದಿವಸ ನಡದಾಳಂತ, ಝಂಸ್ಕಾರದ ಆಚೀಕಡೆ.
ಊರಿಲ್ಲ, ಕರೆಂಟಿಲ್ಲ; ಬ್ಯಾಟರಿ ಥಂಡಿಗೆ ಸಾಯಬಾರದಂತ
ರಾತ್ರಿ ಮಗ್ಗಲಾಗ ಹಾಕ್ಕೊಂಡು ಮಲಗತಿದ್ದಳಂತ, ಕೂಸಿನ ಹಾಂಗ.
"ಕಾಕಾ, ಫೋಕಸ್ ಉಂಗುರ ತಿರುಗವಲ್ದು" ಅಂದು
ಲೆನ್ಸು ಟೇಬಲ್ ಮ್ಯಾಲ ಇಟ್ಟಳು.

ಬಿಚ್ಚಿದೆ. ಬಿಳಿ ಹಾಳಿ ಮ್ಯಾಲ ತಟ್ಟಿದೆ.
ಉದುರಿತು ಬೂದಿಬಣ್ಣದ ಹುಡಿ, ಇಬತ್ತಿಗಿಂತ ನುಣ್ಣಗ.
ಬೆರಳಾಗ ತಿಕ್ಕಿದರ ಮಾತ್ರ ಕಿರ್ ಅಂತು.
ಬರ್ಫದ ನದಿ ಗುಡ್ಡ ಬೀಸಿ ಬೀಸಿ ಮಾಡಿದ ಹಿಟ್ಟಂತ ಇದು.
ನಮ್ಮವ್ವನ ಬೀಸೋಕಲ್ಲು ಸೈತ ಇಷ್ಟು ಸಣ್ಣ ಬೀಸಲಿಲ್ಲ.

ನಾನು ಇಂಡಿ ಕಡೆಯಾವ. ನಮ್ಮಲ್ಲಿ ಎತ್ತರ ಅಂದ್ರ
ಕಣದಾಗಿನ ಜೋಳದ ರಾಶಿ, ಅದೂ ಸಂಜೀಗೆ ಚೀಲದಾಗ ಹೋಗತಿತ್ತು.
ಪುಣೆಗೆ ಬಂದು ಮೂವತ್ತೊಂದು ವರ್ಷ; ಹತ್ತಿದ್ದು ಪರ್ವತಿ ಒಂದೇ,
ಅದೂ ನಡುವ ಎರಡು ಸಲ ಕೂತು.
ಆದರ ಈ ಕೈಯಾಗ ಎಷ್ಟು ಶಿಖರ ಹಾದುಹೋದವು,
ಎಲ್ಲಾ ತಲೆಕೆಳಗಾಗಿ. ಗಾಜಿನೊಳಗ ಹಾಂಗೇ ಕಾಣ್ತಾವ.

ಉಂಗುರದ ಕೊನೀಗೆ ಒಂದು ಗುರುತು ಇರ್ತದ,
ಅಡ್ಡ ಮಲಗಿದ ಎಂಟು. ಅದಕ್ಕ ಅನಂತ ಅಂತಾರ.
ಅಲ್ಲಿಗೆ ತಿರುವಿದರ ದೂರದ್ದೆಲ್ಲಾ ನಿಚ್ಚಳ ಕಾಣಬೇಕು.
ಬಿಚ್ಚಿದ ಮ್ಯಾಲ ಅದು ಜಾಗಾ ತಪ್ತದ, ನಾವೇ ಕೂಡಿಸಬೇಕು.
ಎಲ್ಲಿ ನೋಡೂದು ಅನಂತ, ಈ ಗಲ್ಲಿಯೊಳಗ?

ಗಚ್ಚಿ ಹತ್ತತೀನಿ.
ನೀಲವ್ವ ಸಂಡಿಗಿ ಹಾಕಿರ್ತಾಳ, "ತುಳೀಬ್ಯಾಡ್ರಿ" ಅಂತಾಳ.
ಆ ಸಂಡಿಗಿ ಆಚೆ, ನೀರಿನ ಟಾಕಿಗಳ ಆಚೆ,
ಸಿಂಹಗಡದ ಮ್ಯಾಲಿನ ಟೀವಿ ಟವರು, ಸೂಜಿ ನಿಲ್ಲಿಸಿದ ಹಾಂಗ.
ಅದು ಚೂಪಾತು ಅಂದ್ರ ಅನಂತ ಸರಿ ಅದ.
ನನ್ನ ಅನಂತ ಇಪ್ಪತ್ತು ಕಿಲೋಮೀಟರಿಗೆ ಮುಗೀತದ,
ಮಳಿಗಾಲದಾಗ ಇನ್ನೂ ಹತ್ರ.

ಮರುವರ್ಷ ಬಂದಳು. ಸಿಟ್ಟಿಲ್ಲ, ಮಾರಿ ಮಾತ್ರ ಸಣ್ಣ ಆಗಿತ್ತು.
ಒಂಬತ್ತು ದಿವಸ ಡೇರೆಯೊಳಗ ಕಾದು, ಒಂದು ನಸುಕಿಗೆ ಮೋಡ ಸರದಾವಂತ,
ಐದೇ ನಿಮಿಷ. ತುದಿ ಕಾಸಿದ ತಾಮ್ರ ಆಗಿತ್ತಂತ.
ಇವಳು ಅನಂತಕ್ಕ ತಿರುವ್ಯಾಳ, ಉಸಿರು ಬಿಗಿಹಿಡದು ಒತ್ಯಾಳ.
ಎಲ್ಲಾ ಮಬ್ಬು, ಅಂಬಲಿಯೊಳಗ ಅದ್ದಿ ತಗದ ಹಾಂಗ.

ತಪ್ಪು ನಂದು. ಥಂಡಿಗೆ ಲೋಹ ಮುದುಡಿಕೊಳ್ತದ.
ಪುಣೆಯ ಅನಂತ ಅಲ್ಲಿ ಅನಂತ ಆಗೂದಿಲ್ಲ.
ತಾಮ್ರ ಕಾಸಿ ಬಡಿಯೋರ ನಡುವ ಕೂತೂ
ನನಗ ಇದು ಹೊಳೀಲಿಲ್ಲ.

ರೊಕ್ಕ ತಗೊಳ್ಳಲಿಲ್ಲ. ಮತ್ತ ಬಿಚ್ಚಿ,
ಗುರುತು ದಾಟಿ ಕೂದಲೆಳಿಯಷ್ಟು ತಿರುಗೂ ಹಾಂಗ ಮಾಡಿದೆ.
"ಅನಂತದ ಆಚೆ ಏನದ ಕಾಕಾ?" ನಕ್ಕಳು.
"ಏನಿಲ್ಲವ್ವಾ. ಚಳಿಗೆ ಬಿಟ್ಟ ಜಾಗಾ."

ಈ ಸಲದ ಚಿತ್ರ ಪೆನ್ ಡ್ರೈವಿನಾಗ ಕೊಟ್ಟು ಹೋಗ್ಯಾಳ, ನಾನೂರ ಹನ್ನೆರಡು.
ನೀಲವ್ವನ್ನ ಕರದು ಟೀವಿಗೆ ಹಚ್ಚಿದೆ.
ಮೊದಲನೇದು ಹಿಮ ಅಲ್ಲ, ನಮ್ಮ ಗಚ್ಚಿ!
ಆಕಿಯ ಕ್ಯಾಮೆರಾದಾಗ ನಾ ಪರೀಕ್ಷಾ ಮಾಡಿ ತಗದದ್ದು,
ಅಳಿಸಿಲ್ಲ; ಅಷ್ಟೂ ಗುಡ್ಡ ಅದನ್ನ ಹೊತಗೊಂಡೇ ಹತ್ಯಾಳ.
ಹಿಂದ ಟವರು, ಸೂಜಿಯಷ್ಟು ಚೂಪು. ಮುಂದ
ಸಂಡಿಗಿ ಹೊರಳಸೋ ಒಂದು ಕೈ, ಪೂರ್ತಿ ಮಬ್ಬು.

"ನಂದೇನ್ರಿ ಇದು?" ನೀಲವ್ವ ಟೀವಿ ಹತ್ರ ಹೋಗಿ ನಿಂತಾಳ,
ಹಸರ ಬಳಿ ಎಷ್ಟಿದ್ದೂ ಅಂತ ಎಣಸ್ಲಿಕ್ಕತ್ತಾಳ.
ಮುಂದಿನದು ಒತ್ತಬೇಕು. ಇನ್ನೂ ಒತ್ತಿಲ್ಲ.
ಕೆಳಗ ಯಾರೋ ಮದುವಿ ಕ್ಯಾಮೆರಾ ಹಿಡಕೊಂಡು
ಕಾಕಾ, ಕಾಕಾ ಅಂತ ಕೂಗಲಿಕ್ಕತ್ತಾರ.